ಮಾತು ಬಿಟ್ಟವರ ರೊಟ್ಟಿ

ನಮ್ಮೂರಲ್ಲಿ ಜಗಳ ಎಷ್ಟು ಬೇಕಾದರೂ ಆಡಬಹುದು, ಆದರೆ ಶನಿವಾರ ದಾಟಿಸಿ ಮಾತು ಬಿಡುವ ಹಾಗಿಲ್ಲ. ಬಿಟ್ಟರೆ ಭಾನುವಾರ ಸಂಜೆ ರೊಟ್ಟಿ ಮುರಿಯುವುದಿಲ್ಲ. ಬೈದಾಡಿಕೊಂಡವರು, ಕೈಕೈ ಮಿಲಾಯಿಸಿದವರು, ಒಬ್ಬರ ಬಲೆಯನ್ನು ಇನ್ನೊಬ್ಬರು ಕತ್ತರಿಸಿದವರು ಎಲ್ಲರೂ ಬಂದು ಕೂತರೂ ರೊಟ್ಟಿಗೆ ಅಡ್ಡಿಯಿಲ್ಲ. ಎದುರಾದಾಗ ಮುಖ ತಿರುಗಿಸಿಕೊಂಡು ಹೋಗುವವರು ಇಬ್ಬರಿದ್ದರೆ ಸಾಕು, ಕೆಂಡದಿಂದ ಆಗಷ್ಟೇ ಎತ್ತಿದ ಮೆತ್ತನೆಯ ರೊಟ್ಟಿ ಕೈಗೆ ಬರುವಷ್ಟರಲ್ಲಿ ಬೀಸುವ ಕಲ್ಲಾಗಿರುತ್ತದೆ. ಅದಕ್ಕೇ ನಮ್ಮೂರಿನ ಶನಿವಾರ ನೋಡಬೇಕು. ಮಾರ್ತಕ್ಕ ತನ್ನ ವಾರಗಿತ್ತಿ ರಾಹೇಲಕ್ಕನ ಅಂಗಳಕ್ಕೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತು, "ಇವತ್ತು ಶನಿವಾರ ಅಂತ ಬಂದಿದೀನಿ ಕಣೆ, ನಿನ್ನ ಮುಖ ನೋಡೋ ಆಸೆಯಿಂದಲ್ಲ" ಅನ್ನುತ್ತಾಳೆ. "ನಿನ್ನ ಮುಖ ನೋಡ್ದೆ ನಂಗೇನು ಹೊಟ್ಟೆ ನೋಯ್ತಿತ್ತಾ? ಬಾ, ಗಂಜಿ ಕುಡಿ" ಅನ್ನುತ್ತಾಳೆ ರಾಹೇಲಕ್ಕ. ಅಷ್ಟು ಸಾಕು.

ಊರು ಒಂದು ಕೆರೆಯ ದಡದಲ್ಲಿದೆ. ಕೆರೆ ಅಂತ ಕರೆಯುತ್ತೇವೆಯೇ ಹೊರತು ಅದರ ಆಚೆಯ ದಡ ಕಂಡವರಿಲ್ಲ. ನಮಗೆ ಗೋಪುರವಿಲ್ಲ, ಗಂಟೆಯಿಲ್ಲ. ಸಭೆ ಸೇರುವುದು ನಮ್ಮ ಮನೆಯ ನಡುಮನೆಯಲ್ಲಿ. ಯಾರ ಮನೆಯ ಬಾಗಿಲಿಗೂ ಅಗುಳಿಯಿಲ್ಲ. ಸಿಕ್ಕಿದ ಮೀನನ್ನು ದೋಣಿಯ ಲೆಕ್ಕದಲ್ಲಿ ಹಂಚದೆ ಬಾಯಿಯ ಲೆಕ್ಕದಲ್ಲಿ ಹಂಚುತ್ತೇವೆ, ಅದರಲ್ಲೂ ವಿಧವೆಯರ ಮನೆಯದು ಮೊದಲು. ಪ್ರತಿಯೊಬ್ಬಳೂ ಬೆಳಗ್ಗೆ ಒಲೆ ಹಚ್ಚುವ ಮುಂಚೆ ಒಂದು ಹಿಡಿ ಹಿಟ್ಟು ತೆಗೆದಿಡುತ್ತಾಳೆ. ಊರಿನ ಹಿಡಿಹಿಟ್ಟೆಲ್ಲ ಒಂದೇ ಮಡಕೆಗೆ ಬಿದ್ದು, ಅದನ್ನು ನನ್ನ ಅಜ್ಜಿ ಸುಸನ್ನಮ್ಮ ನಾದಿ, ಒಂದೇ ಒಂದು ದಪ್ಪ ರೊಟ್ಟಿ ಸುಡುತ್ತಾಳೆ. ಅದನ್ನು ಒಬ್ಬರೇ ಮುರಿಯುವ ಪದ್ಧತಿ ನಮ್ಮಲ್ಲಿಲ್ಲ. ಇಬ್ಬರು ಎದುರುಬದುರು ಕೂತು, ಒಬ್ಬರು ಈ ಅಂಚು ಒಬ್ಬರು ಆ ಅಂಚು ಹಿಡಿದು ಎಳೆಯಬೇಕು. ಕೂರುವ ಸಾಲಿನ ತಲೆಯಲ್ಲಿ ಒಂದು ಮಣೆ ಖಾಲಿ ಇರುತ್ತದೆ. ಅದು ಅವನದು, ನಮ್ಮ ಕರ್ತನದು. ಮಕ್ಕಳೂ ಅದನ್ನು ದಾಟುವುದಿಲ್ಲ. ಚಳಿಗಾಲದ ಬೆಳಗ್ಗೆ ನೆಲ ಸಾರಿಸುವಾಗ ನನ್ನ ಕೈ ಆ ಮಣೆಗೆ ತಗುಲಿದ್ದುಂಟು. ಆಗಷ್ಟೇ ಯಾರೋ ಎದ್ದುಹೋದ ಹಾಗೆ ಮರ ಬೆಚ್ಚಗಿರುತ್ತದೆ.

ಇನ್ನೊಂದು ಮಾತು. ಆ ರೊಟ್ಟಿಯ ಚೂರು ನಾಲಿಗೆಯ ಮೇಲೆ ಕರಗದೆ ನಮ್ಮೂರಲ್ಲಿ ಯಾರ ಕೊನೆಯುಸಿರೂ ಹೊರಡುವುದಿಲ್ಲ. ಕೆರೆಗೆ ಇಳಿಯುವ ಗಂಡಸರು ಪಂಚೆಯ ಚುಂಗಿನಲ್ಲಿ ಒಂದು ಚೂರನ್ನು ಗಂಟು ಹಾಕಿಕೊಂಡೇ ಇಳಿಯುತ್ತಾರೆ. ಹೆಂಡತಿಯರು ಬುತ್ತಿ ಮರೆತರೂ ಗಂಟು ಮುಟ್ಟಿ ನೋಡುವುದನ್ನು ಮರೆಯುವುದಿಲ್ಲ.

ನನ್ನನ್ನು ಹೆತ್ತು ಅಮ್ಮ ಹೋದ ಮೇಲೆ ಅಜ್ಜಿಯೇ ಸಾಕಿದಳು, ಗಂಜಿಗಿಂತ ಹೆಚ್ಚಾಗಿ ಕಥೆ ಉಣಿಸಿ. ಬಾವಿಕಟ್ಟೆಯ ಹೆಂಗಸು, ಮರ ಹತ್ತಿ ಕೂತ ಕುಳ್ಳ, ತಪ್ಪಿಸಿಕೊಂಡ ಕುರಿ, ಇವರೆಲ್ಲ ನಮ್ಮ ಓಣಿಯವರೇ ಅಂತ ನಾನು ಬಹಳ ಕಾಲ ನಂಬಿದ್ದೆ. ಕುಳ್ಳ ಹತ್ತಿದ ಮರ ಯಾವುದು ಅಂತ ತೋರಿಸಬಲ್ಲೆ ಕೂಡ. ಅಜ್ಜಿಗೆ ಒಂದು ಅಭ್ಯಾಸ. ಒಲೆಯ ಮುಂದೆ ಕೂತಾಗ ಆ ಖಾಲಿ ಮಣೆಯವನ ಜೊತೆ ಮಾತಾಡುತ್ತಾಳೆ. ಪ್ರಾರ್ಥನೆ ಬೇರೆ, ಅದಕ್ಕೆ ಮೊಣಕಾಲೂರಿ ಕಣ್ಣು ಮುಚ್ಚುತ್ತಾಳೆ. ಇದು ಬರೀ ಮಾತು. "ಸೌದೆ ಎಷ್ಟು ಹಸಿಯಾಗಿದೆ ನೋಡು. ಮಳೆ ಸುರಿಸೋನು ನೀನು, ಊದೋಳು ನಾನು." ಆಮೇಲೆ ಸುಮ್ಮನಾಗುತ್ತಾಳೆ, ತಲೆಯಾಡಿಸುತ್ತಾಳೆ. "ತೀತಯ್ಯನಿಗೆ ಕಾಲು ಹಿಡ್ಕೊಂಡಿದೆಯಂತೆ, ಆ ಕಡೆ ಹೋದಾಗ ಸ್ವಲ್ಪ ನೋಡ್ಕೊಂಡು ಬಾ." ಮತ್ತೆ ಸುಮ್ಮನೆ. ನಡುವಿನ ಆ ಮೌನ ಒಂದು ಸಲ ಚಿಕ್ಕದು, ಒಂದು ಸಲ ಉದ್ದ. ಚಿಕ್ಕವಳಿದ್ದಾಗ ನಾನು ಕದದ ಹಿಂದೆ ನಿಂತು ಆ ಮೌನಕ್ಕೆ ಕಿವಿಗೊಡುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. ಆದರೆ ಯಾರೂ ಇಲ್ಲದ ಕಡೆಯ ಮೌನ ಹಾಗಿರುವುದಿಲ್ಲ.

ಅಪ್ಪ ನತಾನ ಮತ್ತು ಅವನ ಗೆಳೆಯ ಇನ್ನಾಸಪ್ಪ ಮಾಮ ಒಂದೇ ದೋಣಿಯವರು. ಒಂದು ಮಧ್ಯಾಹ್ನ, ಬಿಸಿಲಿದ್ದ ಹಾಗೆಯೇ, ಕೆರೆಯ ನಡುವೆ ಗಾಳಿ ಎದ್ದಿತು. ದಡದ ತೆಂಗಿನ ಗರಿಯೊಂದೂ ಅಲುಗಲಿಲ್ಲ, ನೀರು ಮಾತ್ರ ಎದ್ದು ನಿಂತಿತು. ಇನ್ನಾಸ ಮಾಮ ಒಂದು ಹಲಗೆ ಹಿಡಿದು ದಡಕ್ಕೆ ಬಂದು ಬಿದ್ದ. ಅವನ ಗಂಟಿನ ಚೂರು ನೀರುಪಾಲಾಗಿತ್ತು, ಧ್ವನಿಯೂ ಹಾಗೇ. ಬಾಯಿ ತೆರೆದರೆ ನೀರಿನಲ್ಲಿ ಕೊಡ ಅದ್ದಿದ ಹಾಗೆ ಗುಳುಗುಳು ಸದ್ದು, ಅಷ್ಟೇ. ಅಪ್ಪನ ಸುಳಿವಿರಲಿಲ್ಲ. ಆ ದಿನಗಳಲ್ಲಿ ಒಲೆಯ ಮುಂದಿನ ಮಾತು ನಿಲ್ಲಲೇ ಇಲ್ಲ. "ಹುಡುಕಿಕೊಡು. ನೀರಿನ ಮೇಲೆ ನಡೆಯೋನು ನೀನು, ನಿಂಗೇನು ಕಷ್ಟ? ನಮಗಾದ್ರೆ ದೋಣಿ ಬೇಕು" ಅಂತ ಅಜ್ಜಿ ಗದರುತ್ತಿದ್ದಳು, ಬೇಡುತ್ತಿದ್ದಳು, ಮತ್ತೆ ಗದರುತ್ತಿದ್ದಳು.

ಕೊನೆಗೆ ಕೆರೆ ಅಪ್ಪನನ್ನು ತಂದು ದಡದಲ್ಲಿ ಮಲಗಿಸಿತು. ಅಷ್ಟು ದಿನ ನೀರಿನಲ್ಲಿದ್ದವನ ಮುಖದ ಹಾಗಿರಲಿಲ್ಲ. ಉಂಡು ಮಲಗಿದವನ ಹಾಗಿತ್ತು. ಅಜ್ಜಿ ಅಳಲಿಲ್ಲ. ಮೊದಲು ಕೈಹಾಕಿದ್ದು ಪಂಚೆಯ ಗಂಟಿಗೆ. ಗಂಟು ಬಿಚ್ಚಿತ್ತು, ಚೂರು ಇರಲಿಲ್ಲ. "ತಿಂದಿದಾನೆ ಸುಸನ್ನಕ್ಕ. ಬರಿಬಾಯಲ್ಲಿ ಹೋಗಿಲ್ಲ ನಿನ್ನ ಮಗ" ಅಂತ ತೀತಯ್ಯ ಸಮಾಧಾನ ಹೇಳಿದ. ತೀತಯ್ಯ ನಮ್ಮ ಸಭೆಯ ಹಿರಿಯ. ನೆರೆದವರೆಲ್ಲ ಸ್ತೋತ್ರ ಅಂದರು. ಅಜ್ಜಿಯ ತುಟಿಯೂ ಅಲುಗಿತು. ಆದರೆ ಆ ಬಿಚ್ಚಿದ ಚುಂಗನ್ನು ಅವಳು ಬೆರಳುಗಳ ನಡುವೆ ಹೊಸೆಯುತ್ತ, ಹೊಸೆಯುತ್ತ, ಬೇರೇನನ್ನೋ ಲೆಕ್ಕ ಹಾಕುತ್ತಿದ್ದಂತಿತ್ತು.

ಅಪ್ಪನಿಗೆ ಮಣ್ಣು ಕೊಟ್ಟ ಮೇಲೆ ಬಂದ ಭಾನುವಾರ ತೀತಯ್ಯ ಮತ್ತು ಮಾರ್ತಕ್ಕ ರೊಟ್ಟಿ ಹಿಡಿದು ಎಳೆದರು. ಅದು ಮುರಿಯಲಿಲ್ಲ. ತೀತಯ್ಯ ಅದನ್ನು ಕೆಳಗಿಟ್ಟಾಗ ಕಲ್ಲು ನೆಲಕ್ಕೆ ತಾಗಿದ ಸದ್ದಾಯಿತು. ಅದೇ ಹೊತ್ತಿಗೆ ಗಂಡಸರು ಒಬ್ಬೊಬ್ಬರಾಗಿ ತಮ್ಮ ಗಂಟು ಮುಟ್ಟಿ ನೋಡಿಕೊಂಡರು. ಹಿಂದಿನ ವಾರದ ಚೂರುಗಳೆಲ್ಲ ಮರಳಾಗಿ ಚುಂಗಿನಿಂದ ಸುರಿದವು. ಎಲ್ಲರೂ ಎಲ್ಲರ ಮುಖ ನೋಡಿದರು. ನಮ್ಮೂರಲ್ಲಿ ಅದಕ್ಕಿಂತ ಭಯದ ನೋಟ ಇನ್ನೊಂದಿಲ್ಲ.

ಆ ವಾರ ಊರೇ ಶನಿವಾರವಾಯಿತು. ಜನ ಮನೆಯಿಂದ ಮನೆಗೆ ಹೋಗಿ, ಇದ್ದಬದ್ದ ಮುನಿಸನ್ನೆಲ್ಲ ಅಟ್ಟದಿಂದ ಇಳಿಸಿ ತೊಳೆದರು. "ನಿನ್ನ ಮದುವೇಲಿ ಧಾರೆಸೀರೆ ಹಳೇದು ಅಂತ ಎಲ್ಲರಿಗೂ ಹೇಳಿದ್ದು ನಾನೇ ಕಣೆ" ಅಂತ ಮಾರ್ತಕ್ಕ ಒಪ್ಪಿಕೊಂಡಳು. "ಗೊತ್ತು ಬಿಡೆ. ಹಳೇದೇ ಆಗಿತ್ತು" ಅಂದಳು ರಾಹೇಲಕ್ಕ. ಹಾಸಿಗೆ ಹಿಡಿದ ಮುದುಕರನ್ನು ಹೊತ್ತು ತಂದು ಅಣ್ಣತಮ್ಮಂದಿರ ಎದುರು ಕೂರಿಸಿದರು. ಒಬ್ಬ ತನ್ನ ಎತ್ತಿನ ಹತ್ತಿರವೂ ಹೋಗಿ ಮಾತಾಡಿ ಬಂದನಂತೆ. ರೊಟ್ಟಿ ಮಾತ್ರ ಖಾಲಿ ಮಣೆಯ ಮುಂದೆ ಇಟ್ಟ ಹಾಗೇ ಇತ್ತು. ಕಲ್ಲಾಗಿದ್ದರೂ ಅದು ಆರಲಿಲ್ಲ. ಸೋಮವಾರ, ಮಂಗಳವಾರ, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಹೊಸದಾಗಿ ಸುಟ್ಟ ರೊಟ್ಟಿಯ ಘಮ ಹಗಲೂ ರಾತ್ರಿ ಮನೆ ತುಂಬ, ಓಣಿ ತುಂಬ. ಗಂಟಿಲ್ಲದೆ ಯಾರೂ ಕೆರೆಗೆ ಇಳಿಯಲಿಲ್ಲ, ಮೀನಿಲ್ಲ. ಹಸಿದ ಮಕ್ಕಳು ಆ ಘಮ ಹಿಡಿದು ನಮ್ಮ ಜಗಲಿಗೆ ಬಂದು ಕೂರುತ್ತಿದ್ದವು.

ಜನರ ಕಣ್ಣು ಮೆಲ್ಲಗೆ ಒಂದೇ ಕಡೆ ತಿರುಗಿತು. ಮಗನನ್ನು ಕಳೆದುಕೊಂಡವಳು ಸುಸನ್ನಮ್ಮ. ಅದೇ ದೋಣಿಯಿಂದ ಬದುಕಿ ಬಂದವನು ಇನ್ನಾಸಪ್ಪ. ಇನ್ನೇನು ಬೇಕು? ತೀತಯ್ಯ ಕಾಲೆಳೆದುಕೊಂಡು ಬಂದು, ಮಾತು ಹೇಗೆ ಎತ್ತುವುದು ಅಂತ ಗೊತ್ತಾಗದೆ, ಹವೆಯ ಬಗ್ಗೆ ಮಾತಾಡಿದ. ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಸುತ್ತಿ ಬಳಸಬೇಡ ತೀತಯ್ಯ. ಇನ್ನಾಸನಿಗೆ ದಿನಾ ಗಂಜಿ ಕುಡಿಸೋಳು ಯಾರು ಅನ್ಕೊಂಡಿದೀಯ? ಅವನಿಗೆ ಊರ ಸುದ್ದಿ ಎಲ್ಲಾ ಹೇಳ್ತೀನಿ. ಪಾಪ, ಅವನಿಗೆ ಎದ್ದು ಓಡೋಕಾಗಲ್ಲ, ಕೇಳ್ತಾನೆ."

"ಹಾಗಾದ್ರೆ ಯಾರಕ್ಕ?"

"ನಂಗೇನು ಗೊತ್ತು" ಅಂದಳು ಅಜ್ಜಿ, ಕಲ್ಲೊಂದನ್ನು ಆರಿಸಿ ಎಸೆದು.

ಅವಳು ಹೇಳಿದ್ದು ನಿಜ. ದಿನಾ ಸಂಜೆ ನಾನೂ ಜೊತೆಗೆ ಹೋಗುತ್ತಿದ್ದೆ. ಇನ್ನಾಸ ಮಾಮನ ಬದುಕು ಮುಗಿದಿತ್ತು, ಅದು ನೋಡಿದರೇ ತಿಳಿಯುತ್ತಿತ್ತು. ಕಾಲು ತಣ್ಣಗಾಗಿ, ಆ ತಣುಪು ಎದೆಯ ತನಕ ಏರಿ, ಅಲ್ಲೇ ನಿಂತುಬಿಟ್ಟಿತ್ತು. ಉಸಿರು ದಡಕ್ಕೆ ಬಡಿಯುವ ಅಲೆಯ ಹಾಗೆ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು, ಹೋಗಲಾರದೆ ಮತ್ತೆ ಬರುತ್ತಿತ್ತು. ಹಾಸಿಗೆ ಎಷ್ಟು ಸಲ ಬದಲಿಸಿದರೂ ಅಡಿಯಲ್ಲಿ ನೀರು. ಅಜ್ಜಿಯನ್ನು ಕಂಡಾಗಲೆಲ್ಲ ಅವನು ಬಾಯಿ ತೆರೆದು ಏನೋ ಹೇಳಹೋಗುತ್ತಿದ್ದ, ಆ ಗುಳುಗುಳು ಸದ್ದೇ ಬರುತ್ತಿತ್ತು. ಒಂದು ಸಂಜೆ ಅವನ ಹೆಂಡತಿ ದೀನಮ್ಮ ನಮ್ಮನ್ನು ಬಾಗಿಲ ತನಕ ಬಿಡಲು ಬಂದವಳು ಅಜ್ಜಿಯ ಸೆರಗು ಹಿಡಿದುಕೊಂಡಳು.

"ಅತ್ತೆ, ಇವರು ಉಳೀಲಿ ಅಂತ ಕೇಳೋ ಆಸೆ ನಂಗೆ ಹೋಯ್ತು. ಬಾಗಿಲು ತೆಗೆದಿಟ್ಟು ಹೊರಗೇ ನಿಲ್ಲಿಸಿದ ಹಾಗಾಗಿದೆ. ಒಂದು ಚೂರು ಸಾಕು. ಅವರನ್ನ ಕಳಿಸ್ಕೊಡಿ."

ಅಜ್ಜಿ ಅವಳ ತಲೆ ಸವರಿದಳು. ಮನೆಗೆ ಬಂದು ಒಲೆ ಹಚ್ಚಿದಳು, ಸೌದೆ ಹಸಿಯಿತ್ತು, ಊದಿದಳು, ಕೆಮ್ಮಿದಳು. ಮನೆ ವಿಚಿತ್ರವಾಗಿ ಸುಮ್ಮನಿತ್ತು. ನನಗೆ ಕಳವಳವಾಗಿ, ಚಿಕ್ಕ ಮಗುವಿನ ಹಾಗೆ ಅವಳ ಪಕ್ಕ ಒತ್ತಿಕೊಂಡು ಕೂತು, "ಒಂದು ಕಥೆ ಹೇಳಜ್ಜಿ" ಅಂದೆ.

"ಕಳೆದ ಕುರಿದು ಹೇಳ್ಲಾ?"

"ಅದು ನಿನ್ನೆ ಆಯ್ತು. ದೋಣೀದು ಹೇಳು. ಗಾಳಿ ಎದ್ದಾಗ ಅವನು ದೋಣೀಲಿ ಮಲಗಿದ್ನಲ್ಲ, ಎಬ್ಬಿಸಿದ್ರಲ್ಲ, ಎದ್ದು ಗಾಳೀನ ಗದರಿದ್ನಲ್ಲ, ಅದು."

"ಅದು ಮರ್ತುಹೋಗಿದೆ" ಅಂದಳು ಅಜ್ಜಿ.

ನನ್ನ ಅಜ್ಜಿ ತನ್ನ ಹೆಸರು ಮರೆಯಬಹುದು, ಕಥೆ ಮರೆಯುವವಳಲ್ಲ. ಆಗ ನನಗೆ ಮನೆ ಯಾಕೆ ಅಷ್ಟು ಸುಮ್ಮನಿದೆ ಅಂತ ಹೊಳೆಯಿತು. ಸೌದೆ ಹಸಿಯಿದ್ದರೂ ಅವಳು ಯಾರನ್ನೂ ಬೈದಿರಲಿಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನದಿಂದ ಒಲೆಯ ಮುಂದೆ ಒಂದೇ ಒಂದು ಮಾತೂ ಕೇಳಿರಲಿಲ್ಲ. ದುಃಖ ಅಂತ ತಿಳಿದು ನಾನು ಸುಮ್ಮನಿದ್ದೆ. ಊರೆಲ್ಲ ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ ಅಂತ ಮನೆಮನೆ ಹುಡುಕಿತ್ತು, ಎತ್ತನ್ನೂ ಬಿಟ್ಟಿರಲಿಲ್ಲ. ಸಾಲಿನ ತಲೆಯಲ್ಲಿ ಕೂರುವವನನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅಜ್ಜಿ, ನೀನು ಅವನ ಹತ್ರ ಮಾತು ಬಿಟ್ಟಿದೀಯ."

"ದಿನಾ ಮೊಣಕಾಲೂರಿ ಪ್ರಾರ್ಥನೆ ಮಾಡೋದು ನಿಂಗೆ ಕಾಣಲ್ವೇನೇ?"

"ಅದು ಮಾತಲ್ಲ. ನೀನೇ ಹೇಳ್ತಿದ್ದೆ."

ಅಜ್ಜಿ ಊದುಗೊಳವೆಯನ್ನು ಕೆಳಗಿಟ್ಟಳು. ಬೆಂಕಿಯ ಕಡೆಯೇ ನೋಡುತ್ತ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ನಿಮ್ಮಪ್ಪನ ಗಂಟು ಬಿಚ್ಚಿತ್ತು ಲೀದೂ. ನೀರಲ್ಲಿ ನೆಂದ ಗಂಟು ಬಿಚ್ಚಬೇಕಾದ್ರೆ ಉಗುರು ಹಾಕಬೇಕು, ಹೊತ್ತು ಬೇಕು. ಅವನಿಗೆ ಹೊತ್ತಿತ್ತು. ಹೊತ್ತಿದ್ದೋನು ಕೂಗದೆ ಇರ್ತಾನಾ? ಆ ಕಥೇಲಿ ಕೂಗಿದ್ರು, ಎದ್ದ. ನನ್ನ ಮಗ ಕೂಗಿದಾನೆ. ಇವನು ಏಳಲಿಲ್ಲ. ಅಂಥೋನ ಹತ್ರ ನಂಗೇನು ಮಾತು?"

"ಅದನ್ನ ನಂಗೆ ಯಾಕೆ ಹೇಳ್ತೀಯ ಅಜ್ಜಿ. ಅವನಿಗೆ ಹೇಳು."

ಅವಳು ಎದ್ದು ಹೋಗಿ ಮಲಗಿಬಿಟ್ಟಳು. ಗಂಜಿ ಹಾಗೇ ಉಳಿಯಿತು.

ಮುಂದಿನ ಭಾನುವಾರ ಸಂಜೆ ಸಭೆ ಸೇರಿತು. ಜನ ಬಡಕಲಾಗಿದ್ದರು, ಹಾಡು ಎತ್ತಿದರೂ ಧ್ವನಿ ಏಳಲಿಲ್ಲ. ಹೊಸ ರೊಟ್ಟಿ ಸುಟ್ಟಿರಲಿಲ್ಲ, ಹಳೆಯದೇ ಬಿಸಿಯಿತ್ತು. ದೀನಮ್ಮ ಬಾಗಿಲ ಬಳಿಯೇ ಕೂತಿದ್ದಳು, ಚೂರು ಸಿಕ್ಕಿದರೆ ಓಡಲು. ತೀತಯ್ಯ ರೊಟ್ಟಿಗೆ ಕೈ ಚಾಚುವಷ್ಟರಲ್ಲಿ ಅಜ್ಜಿ ಸಾಲಿನಿಂದ ಎದ್ದು ಬಂದು, ಖಾಲಿ ಮಣೆಗೆ ಎದುರಾಗಿ ಕೂತಳು. ಅಲ್ಲಿ ಯಾರೂ ಕೂರುವುದಿಲ್ಲ. ತೀತಯ್ಯ, "ಸುಸನ್ನಕ್ಕ" ಅಂದ. ಅವಳು ಅವನ ಕಡೆ ನೋಡಲಿಲ್ಲ.

"ನೋಡು" ಅಂದಳು ಮಣೆಗೆ. ಒಲೆಯ ಮುಂದೆ ಆಡುತ್ತಿದ್ದ ಅದೇ ಧ್ವನಿ. "ನಂಗೆ ನಿನ್ನ ಮೇಲೆ ಕೋಪ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ, ಇವರೆಲ್ಲ ಕೇಳಿಸ್ಕೊಳ್ಳಲಿ, ನಂಗೆ ನಾಚಿಕೆಯಿಲ್ಲ. ಹುಟ್ಟಿದಾಗಿಂದ ನಿನಗೆ ರೊಟ್ಟಿ ಸುಟ್ಟಿದೀನಿ. ಬಂದೋರಿಗೆಲ್ಲ ಕಾಲು ತೊಳೆದಿದೀನಿ, ಯಾವ ಕಾಲು ನಿಂದೋ ಅಂತ. ಒಂದೇ ಒಂದು ಸಲ ನನ್ನ ಮಗ ನಿನ್ನ ಕೂಗಿದ. ಅಷ್ಟು ನಿದ್ದೆನಾ ನಿಂಗೆ? ತಲೆದಿಂಬು ಅಷ್ಟು ಮೆತ್ತಗಿತ್ತಾ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೋಪ ಬಿಡು ಅಂತ ಹೇಳ್ಬೇಡ. ಬಿಡೋಕೆ ನಂಗೆ ಇನ್ನೂ ಆಗಲ್ಲ. ಆದ್ರೆ ಅಲ್ಲಿ ಇನ್ನಾಸ ಕಾಯ್ತಾ ಇದಾನೆ. ಅದಕ್ಕೆ ಮಾತಾಡಿಸಿದೀನಿ."

ಅಜ್ಜಿ ರೊಟ್ಟಿಯನ್ನು ಎತ್ತಿ, ತನ್ನ ಕಡೆಯ ಅಂಚನ್ನು ಮಾತ್ರ ಹಿಡಿದು, ಉಳಿದದ್ದನ್ನು ಮಣೆಯ ಕಡೆಗೆ ಚಾಚಿದಳು. "ಹಿಡ್ಕೋ ಆ ಕಡೆ. ಒಬ್ಬಳೇ ಮುರಿಯೋಕೆ ನಮ್ಮಲ್ಲಿ ಪದ್ಧತಿಯಿಲ್ಲ."

ಮೊದಲು ದೀಪದ ಕುಡಿ ಬಗ್ಗಿತು, ಬಾಗಿಲ ಕಡೆಯಿಂದ ಯಾರೋ ನಡೆದು ಬಂದಾಗ ಬಗ್ಗುವ ಹಾಗೆ. ಆಮೇಲೆ ರೊಟ್ಟಿ ಮೆತ್ತಗಾಗುವುದು ಕಣ್ಣಿಗೆ ಕಂಡಿತು, ನಡುವೆ ಜೋತುಬಿತ್ತು. ಆ ಕಡೆಯ ಅಂಚೂ ಕೆಳಗೆ ಬಾಗಬೇಕಿತ್ತು. ಬಾಗಲಿಲ್ಲ. ಅಜ್ಜಿ ಎಳೆದಳು. ಆ ಕಡೆಯಿಂದಲೂ ಎಳೆದದ್ದು ಅವಳ ತೋಳಿನ ನರಗಳಲ್ಲಿ ಕಾಣುತ್ತಿತ್ತು. ರೊಟ್ಟಿ ಹರಿದು ಹಬೆಯೆದ್ದಿತು. ಆ ಕಡೆಯ ಅರ್ಧ ತಕ್ಷಣ ಬೀಳಲಿಲ್ಲ. ಮೆಲ್ಲಗೆ, ಕೊಡುವವರ ಕೈಯಿಂದ ಇಳಿಯುವ ಹಾಗೆ ಮಣೆಯ ಮೇಲೆ ಇಳಿಯಿತು. ಮಣೆಯ ಮುಂದಿನ ಚಾಪೆ ಒದ್ದೆಯಾಗಿತ್ತು, ಪಾಚಿಯ ವಾಸನೆ ಹೊಡೆಯುತ್ತಿತ್ತು.

ದೀನಮ್ಮ ಚೂರು ತೆಗೆದುಕೊಂಡು ಓಡಿದಳು. ಅವಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ನಾನು. ಇನ್ನಾಸ ಮಾಮನ ತುಟಿಗಿಟ್ಟ ಚೂರು ಮಂಜಿನ ಹಾಗೆ ಕರಗಿತು. ಗಂಟಲಿನ ಗುಳುಗುಳು ನಿಂತಿತು. ಹೆಂಡತಿಯ ಕೈಯನ್ನು ಒಮ್ಮೆ ಹಿಸುಕಿ, ಅವನು ಅಜ್ಜಿಯ ಕಡೆ ತಿರುಗಿದ. ಧ್ವನಿ ತೆಳ್ಳಗಿತ್ತು, ಆದರೆ ಅವನದೇ ಆಗಿತ್ತು.

"ಅವ್ವ, ನತಾನ 'ಕಾಪಾಡು' ಅಂತ ಕೂಗಲಿಲ್ಲ."

ಅಜ್ಜಿ ಅವನ ಮುಖದ ಹತ್ತಿರ ಬಗ್ಗಿದಳು.

"ಮಾತಾಡ್ತಿದ್ದ. ನೀನು ಒಲೆ ಮುಂದೆ ಆಡ್ತೀಯಲ್ಲ, ಹಂಗೆ. ಒಂದು ಮಾತು ಆಡೋನು, ಸುಮ್ನಾಗೋನು, ತಲೆ ಆಡಿಸೋನು. ಗಂಟು ಬಿಚ್ಚೋವಾಗ್ಲೂ ಮಾತೇ."

"ಎದುರಿಗೆ ಯಾರಿದ್ರು ಇನ್ನಾಸ?"

"ನೀರಿತ್ತು ಅವ್ವ. ಆ ಕಡೇದು ನಂಗೆ ಕೇಳಿಸ್ಲಿಲ್ಲ, ಗಾಳಿ ಇತ್ತು." ಅವನು ಏನನ್ನೋ ನೋಡುತ್ತಿರುವವನ ಹಾಗೆ ಹುಬ್ಬೇರಿಸಿದ. "ಒಂದ್ಸಲ ನಕ್ಕ."

ಆಮೇಲೆ ಅಲೆ ಹಿಂದೆ ಸರಿಯಿತು, ಮತ್ತೆ ಬರಲಿಲ್ಲ. ದೀನಮ್ಮ ಹಾಸಿಗೆ ಮುಟ್ಟಿ ನೋಡಿದಳು. ಒಣಗಿತ್ತು.

ಅಜ್ಜಿಯ ಕೋಪ ಇಳಿಯಿತು ಅಂತ ಹೇಳಿದರೆ ಅವಳು ನನ್ನನ್ನು ಬಿಡುವುದಿಲ್ಲ. ದೋಣಿಯ ಕಥೆಯನ್ನು ಅವಳು ಇವತ್ತಿಗೂ ಹೇಳಿಲ್ಲ. ಕೇಳಿದರೆ, "ತಾಳೇ, ಅದರಲ್ಲಿ ಅವನನ್ನ ಕೇಳ್ಬೇಕಾದ್ದು ಇನ್ನೂ ಇದೆ" ಅನ್ನುತ್ತಾಳೆ. ಆದರೆ ರೊಟ್ಟಿ ಪ್ರತಿ ವಾರವೂ ಮುರಿಯುತ್ತದೆ, ಗಂಡಸರು ಗಂಟು ಕಟ್ಟಿಕೊಂಡು ಕೆರೆಗೆ ಇಳಿಯುತ್ತಾರೆ.

ಇನ್ನಾಸ ಮಾಮನಿಗೆ ಮಣ್ಣು ಕೊಟ್ಟ ಮಾರನೆಯ ಬೆಳಗ್ಗೆ ನನಗೆ ಎಚ್ಚರವಾದದ್ದು ಹಸಿ ಸೌದೆಯ ಹೊಗೆಗೆ. ಎದ್ದು ಕದದ ಹಿಂದೆ ನಿಂತೆ. ಅಜ್ಜಿ ಒಲೆಯ ಮುಂದೆ ಕೂತು ಬೈಯುತ್ತಿದ್ದಳು. ಸೌದೆಗೆ ಬೈದಳು, ಮಳೆಗೆ ಬೈದಳು, ಮಳೆ ಸುರಿಸುವವನಿಗೆ ಬೈದಳು. ಆಮೇಲೆ ಧ್ವನಿ ತಗ್ಗಿಸಿ, "ಅದೇನು ಹೇಳಿ ನಗಿಸಿದೆ ಅವನನ್ನ?" ಅಂದಳು. "ನಂಗೂ ಹೇಳು."

ಆಮೇಲೆ ಮೌನ. ನಾನು ಕೇಳಿದ ಮೌನಗಳಲ್ಲೆಲ್ಲ ಉದ್ದದ್ದು. ಗಂಜಿ ಉಕ್ಕಿ ಕೆಂಡಕ್ಕೆ ಬಿದ್ದು ಚುರ್ ಅಂದಿತು, ಬೂದಿ ಹಾರಿತು. ಅಜ್ಜಿ ತಿರುಗಿ ನೋಡಲಿಲ್ಲ. ತಲೆಯನ್ನು ಒಂದಿಷ್ಟು ವಾಲಿಸಿ, ಕೇಳಿಸಿಕೊಳ್ಳುತ್ತಿದ್ದಳು.